ಕೊನೆಯ ಬೆಂಚಿನವರ ಚರಿತ್ರೆ

ರಿಚರ್ಡ್ ಗಾಫ್ ಬರೆದ, ಇಂಗ್ಲೆಂಡಿನ ಮಿಡಲ್ ಪ್ಯಾರಿಷ್‌ನ (ಒಂದು ಚರ್ಚಿಗೆ ಸೇರಿದ ಊರುಗಳ) ಚರಿತ್ರೆ ಬರೀ ಊರಕಟ್ಟೆಯ ಹರಟೆ ಎಂದು ನಮ್ಮ ಸಹಪತ್ರಿಕೆಯೊಂದು ತೀರ್ಪು ಕೊಟ್ಟಿದೆ. ಅಂಕಿ-ಅಂಶವಿಲ್ಲದ್ದು ಚರಿತ್ರೆಯಲ್ಲವಂತೆ. ಇದಕ್ಕೆ ಉತ್ತರ ಕೊಡದೆ ಸುಮ್ಮನಿರಲಾರೆವು.

ಅಂಕಿಗಳ ಬೆಲೆ ನಮಗೂ ಗೊತ್ತು. 1538ರಲ್ಲಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ ಮೇಲೆ ಇಂಗ್ಲೆಂಡಿನ ಪ್ಯಾರಿಷ್‌ಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಫ್ತರದಲ್ಲಿ ಬರೆದಿಡತೊಡಗಿದರು. ಚರಿತ್ರಕಾರರಾದ ರಿಗ್ಲಿ ಮತ್ತು ಸ್ಕೋಫೀಲ್ಡ್ ಅಂಥ 404 ಪ್ಯಾರಿಷ್‌ಗಳ ದಫ್ತರಗಳನ್ನು ಆಧರಿಸಿ ದೇಶದ ಜನಸಂಖ್ಯೆಯ ಏರಿಳಿತವನ್ನೇ ತೋರಿಸಿಕೊಟ್ಟರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆ ಸಾಲುಗಳ ನಡುವೆ ಮನುಷ್ಯ ಹೇಗೆ ಬದುಕಿದ ಎಂದು ಯಾರನ್ನು ಕೇಳೋಣ?

ಶ್ರಾಪ್‌ಶೈರಿನ ರೈತ ಗಾಫ್ 1701ರ ಹೊತ್ತಿಗೆ, ಅರವತ್ತು ದಾಟಿದ ಮೇಲೆ, ತನ್ನ ಚರ್ಚಿನ ಬೆಂಚುಗಳ ನಕ್ಷೆ ಮುಂದಿಟ್ಟುಕೊಂಡು ಒಂದೊಂದು ಬೆಂಚಿನ ಮನೆತನಗಳ ಕಥೆ ಬರೆದ. ಆಸ್ತಿಯಿದ್ದವರಿಗೆ ಮುಂದಿನ ಬೆಂಚು, ಗುಡಿಸಲಿನವರಿಗೆ ಹಿಂದಿನದು. ಗಾಫ್ ಮುಂದಿನವರಲ್ಲೇ ನಿಲ್ಲಲಿಲ್ಲ. ಕುಡಿತ, ಸಾಲ, ಕಳವು, ಕೋರ್ಟು ವ್ಯಾಜ್ಯ ಯಾವುದನ್ನೂ ಮುಚ್ಚಿಡಲಿಲ್ಲ, ಮುಂದಿನ ಬೆಂಚಿನವರದ್ದನ್ನೂ.

ರಿಚರ್ಡ್ ಚಾಲೊನರ್ ಎಂಬ ಹುಡುಗನಿದ್ದ. ಕಮ್ಮಾರನೊಬ್ಬನ ಸೋದರನಿಗೆ ಮದುವೆಯಿಲ್ಲದೆ ಹುಟ್ಟಿದವನು, ಸ್ವಲ್ಪಮಟ್ಟಿಗೆ ಪ್ಯಾರಿಷ್‌ನ ಖರ್ಚಿನಲ್ಲೇ ಬೆಳೆದವನು. ಶ್ರೂಸ್‌ಬರಿಗೆ ಹೋಗಿ ರಾಜನ ಸೈನ್ಯ ಸೇರಿದ. 1642ರಲ್ಲಿ ಅಂತರ್ಯುದ್ಧದ ಎಜ್‌ಹಿಲ್ ಕಾಳಗಕ್ಕೆ ಹೋದವನ ಸುದ್ದಿ ಮತ್ತೆ ಬರಲಿಲ್ಲ. ಹೆಣವೇ ಊರಿಗೆ ಬಾರದವನಿಗೆ ಊರ ದಫ್ತರದಲ್ಲಿ ಶವಸಂಸ್ಕಾರದ ಸಾಲು ಎಲ್ಲಿಂದ ಬರಬೇಕು? ಮಿಡಲ್, ಮಾರ್ಟನ್, ನ್ಯೂಟನ್ ಹಳ್ಳಿಗಳಿಂದ ಆ ಯುದ್ಧಕ್ಕೆ ಹೋದ 20 ಮಂದಿಯಲ್ಲಿ 13 ಮಂದಿ ಸತ್ತರು. ಸಹಪತ್ರಿಕೆಗೆ ಅಂಕಿಯೇ ಬೇಕಿದ್ದರೆ ಇದೂ ಅಂಕಿಯೇ, ಕೊಟ್ಟವನು ಗಾಫ್. ಥಾಮಸ್ ಫಾರ್ಮೆಸ್ಟನ್ ಎಂಬ ತರುಣ ಎಲ್ಲಿ ಸತ್ತನೆಂದು ತಿಳಿಯದಾಗ, ತಿಳಿಯದೆಂದೇ ಬರೆದ. ಹರಟೆ ಹೊಡೆಯುವವನಿಗೆ ಈ ನಿಷ್ಠೆ ಇರುತ್ತದೆಯೇ? ಚರಿತ್ರಕಾರ ಡೇವಿಡ್ ಹೇ ಅದೇ ಪ್ಯಾರಿಷ್‌ನ ದಫ್ತರಗಳನ್ನೂ ಉಯಿಲುಗಳನ್ನೂ ಜಾಲಾಡಿ 1974ರಲ್ಲಿ ಪುಸ್ತಕ ತಂದರು. ಅವರಿಗೂ ಗಾಫ್ ನಂಬಬಹುದಾದ ಸಾಕ್ಷಿಯಾಗಿಯೇ ಕಂಡ.

ವಂಶವೃಕ್ಷದ ಹುಚ್ಚು ಹತ್ತಿದವರ ಮೇಲೂ ನಮಗೆ ತಕರಾರಿದೆ. ದಫ್ತರ ತಿರುವುತ್ತ ಹೋಗಿ ಒಬ್ಬ ಜಮೀನುದಾರ ಪೂರ್ವಜ ಸಿಕ್ಕಕೂಡಲೇ ಪುಸ್ತಕ ಮುಚ್ಚುತ್ತಾರೆ. ಅದೇ ಪುಟದಲ್ಲಿರುವ ಕೂಲಿಯವಳು, ಅವಳ ಸತ್ತ ಮಕ್ಕಳು ಇವರಿಗೆ ಬೇಡ. ಹೀಗೆ ಹುಡುಕುವವರಿಂದ ಗ್ರಾಮಚರಿತ್ರೆಗೆ ಆಗಿರುವ ಹಾನಿ ಅಂಕಿಗಳಿಂದ ಆದದ್ದಕ್ಕಿಂತ ಹೆಚ್ಚು.

ಸಹಪತ್ರಿಕೆಯ ಸಂಪಾದಕರು ಪ್ರತ್ಯುತ್ತರ ಬರೆದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ. ಗಾಫ್‌ನ ಪುಸ್ತಕವನ್ನು ಕೊನೆಯ ಬೆಂಚಿನವರೆಗೂ ಓದಿ ಬರೆಯಬೇಕೆಂಬುದೊಂದೇ ಷರತ್ತು.