ಸಿಕ್ಕಿಸಿದರೆ ಸಾಕು ಎಂದ ಮೂವತ್ತು ವರ್ಷ

1995ರ ಆಗಸ್ಟ್ ತಿಂಗಳನ್ನು ಕೊಡಗಿನಲ್ಲಿ ಯಾರೂ ವಿಶೇಷವಾಗಿ ನೆನಪಿಟ್ಟುಕೊಂಡಿರಲಾರರು. ಕಕ್ಕಡ ಮಾಸ ಕಳೆಯುತ್ತಿತ್ತು, ಕೈಲ್ ಮುಹೂರ್ತದ ಹಬ್ಬ ಹತ್ತಿರವಾಗುತ್ತಿತ್ತು. ಆ ತಿಂಗಳ 15ರಂದು ವಿದೇಶ ಸಂಚಾರ ನಿಗಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು; 24ರಂದು ಅಮೆರಿಕದಲ್ಲಿ ವಿಂಡೋಸ್ 95 ಮಾರುಕಟ್ಟೆಗೆ ಬಂತು. ಒಂದು ದಾರಿ ಕೊಟ್ಟರೆ ಇನ್ನೊಂದು ಮಾತು ಕೊಟ್ಟಿತು. ಆ ಮಾತಿಗೆ 'ಪ್ಲಗ್ ಅಂಡ್ ಪ್ಲೇ' ಎಂದು ಹೆಸರು: ಮೋಡೆಮ್ಮನ್ನೋ ನೆಟ್‌ವರ್ಕ್ ಕಾರ್ಡನ್ನೋ ಸಿಕ್ಕಿಸಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಕಳಚಿ, ಮಾರಾಟ ಬೆಳೆಗಾರನ ಕೈಗೇ ಬಂದದ್ದೂ ಆ ವರ್ಷಗಳಲ್ಲೇ. ಲಂಡನ್ನಿನಲ್ಲಿ ರೊಬಸ್ಟಾಕ್ಕೆ, ನ್ಯೂಯಾರ್ಕಿನಲ್ಲಿ ಅರೇಬಿಕಾಕ್ಕೆ ಇವತ್ತು ಎಷ್ಟು ಎಂಬುದು ತೋಟದ ಮನೆಯ ಪ್ರಶ್ನೆಯಾಯಿತು. ಮಕ್ಕಳು ಸೇನೆಯಲ್ಲೋ ಬೆಂಗಳೂರಿನಲ್ಲೋ ಕಡಲಾಚೆಯೋ ಇದ್ದ ಮನೆಗಳಿಗಂತೂ ಇಮೇಲ್ ಎಂಬುದೇ ದೊಡ್ಡ ಆಸೆ. ಹೀಗೆ ಬಯಲುಸೀಮೆಯ ಎಷ್ಟೋ ಪಟ್ಟಣಗಳಿಗಿಂತ ಮೊದಲೇ ನಮ್ಮ ಗುಡ್ಡಗಳ ನಡುವೆ ಮೋಡೆಮ್ಮಿಗೆ ಕಾರಣ ಹುಟ್ಟಿತ್ತು.

ಆದರೆ ಸಿಕ್ಕಿಸಿದರೆ ಸಾಕಾಗುತ್ತಿರಲಿಲ್ಲ. ಆ ದಿನಗಳ ಐಎಸ್ಎ ಕಾರ್ಡುಗಳ ಮೇಲೆ ಅಕ್ಕಿಕಾಳಿನಷ್ಟು ಜಂಪರುಗಳಿದ್ದವು. ಅವನ್ನು ಕಿತ್ತು ಬೇರೆ ಕಡ್ಡಿಗೆ ಹಾಕಿ ಕಾರ್ಡಿಗೊಂದರಂತೆ ಇಂಟರಪ್ಟ್ ಸಂಖ್ಯೆಯನ್ನು ನಾವೇ ಗೊತ್ತುಮಾಡಬೇಕಿತ್ತು. ಸೌಂಡ್ ಕಾರ್ಡ್ 5ನ್ನು ಹಿಡಿದಿದ್ದರೆ ನೆಟ್‌ವರ್ಕ್ ಕಾರ್ಡಿಗೆ 10. ಮೋಡೆಮ್ ತಪ್ಪು ಪೋರ್ಟಿನಲ್ಲಿ ಕುಳಿತರೆ ಮೌಸ್ ಅಲ್ಲಾಡುತ್ತಿರಲಿಲ್ಲ. ಡ್ರೈವರಿನ ಫ್ಲಾಪಿ ತೋಟದ ಮನೆಯ ತೇವಕ್ಕೆ ಬೂಷ್ಟು ಹಿಡಿದು ಓದಲು ಬರುತ್ತಿರಲಿಲ್ಲ. ಇವೆಲ್ಲ ಸರಿಹೋದ ಮೇಲೆ ಕಿರ್ರೆನ್ನುವ ಡಯಲಿಂಗ್, ಸಂಖ್ಯೆ ಹತ್ತಿದರೆ ಅದೃಷ್ಟ. ಮಾತು ಕೊಟ್ಟವರ ಸ್ಥಿತಿಯೂ ಅಷ್ಟಕ್ಕಷ್ಟೆ: 1998ರ ಏಪ್ರಿಲ್‌ನಲ್ಲಿ ಕಾಮ್‌ಡೆಕ್ಸ್ ಮೇಳದ ವೇದಿಕೆಯಲ್ಲಿ ಬಿಲ್ ಗೇಟ್ಸ್ ನಿಂತಿದ್ದಾಗಲೇ, ಸಹೋದ್ಯೋಗಿ ಒಂದು ಸ್ಕ್ಯಾನರನ್ನು ಸಿಕ್ಕಿಸಿದ್ದೇ ತಡ, ವಿಂಡೋಸ್ 98 ನೀಲಿ ಪರದೆ ತೋರಿಸಿ ಮಲಗಿತು. ಮಡಿಕೇರಿ, ವಿರಾಜಪೇಟೆಗಳ ಕಂಪ್ಯೂಟರ್ ರಿಪೇರಿ ಹುಡುಗರಿಗೆ ಅದು ಸಮಾಧಾನದ ಸುದ್ದಿಯಾಗಿದ್ದಿರಬೇಕು.

ಬದಲಾವಣೆ ಸದ್ದಿಲ್ಲದೆ ಬಂತು. ಪಿಸಿಐ ಕಾರ್ಡುಗಳು ತಯಾರಕ ಯಾರು, ಮಾದರಿ ಯಾವುದು ಎಂದು ತಾವೇ ಹೇಳಿಕೊಳ್ಳತೊಡಗಿದವು, ಜಂಪರುಗಳು ಮಾಯವಾದವು. ವಿಳಾಸದ ಕೆಲಸವನ್ನು ಡಿಎಚ್‌ಸಿಪಿ ವಹಿಸಿಕೊಂಡಿತು. 1993ರಲ್ಲೇ ಮೊದಲ ರೂಪ ಪಡೆದ, 1997ರಲ್ಲಿ ಇಂದಿನ ರೂಪಕ್ಕೆ ಬಂದ ಈ ಕಟ್ಟಳೆಯ ಪ್ರಕಾರ, ಹೊಸ ಯಂತ್ರ ಜಾಲಕ್ಕೆ ಬಂದೊಡನೆ 'ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ' ಎಂದು ಕೂಗುತ್ತದೆ, ಇದ್ದವರು ಕೊಡುತ್ತಾರೆ. ಲಿನಕ್ಸ್ ಬಳಗ ಇದೇ ಹಾದಿಯನ್ನು ಬೇರೆ ಬಗೆಯಲ್ಲಿ ಸವೆಸಿತು. 2001ರ 2.4 ಕರ್ನೆಲ್‌ನಲ್ಲಿ ಹಾಟ್‌ಪ್ಲಗ್ ಬಂತು, 2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಸಿಕ್ಕಿಸಿದ ಸಾಧನವನ್ನು ಗುರುತಿಸಿ ಹೆಸರಿಡುವ ಯುಡೆವ್ ಬರೆದರು, ಮರುವರ್ಷ ರೆಡ್‌ಹ್ಯಾಟ್‌ನಿಂದ ನೆಟ್‌ವರ್ಕ್ ಮ್ಯಾನೇಜರ್ ಹೊರಬಂತು. ನಮ್ಮಲ್ಲಿ 2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಈ ಸಿದ್ಧತೆಯ ಬಹುಪಾಲು ಮುಗಿದಿತ್ತು. ಆಗ ತೊಡಕಾಗಿದ್ದು ಕಂಪ್ಯೂಟರ್ ಅಲ್ಲ, ಬ್ರಾಡ್‌ಬ್ಯಾಂಡನ್ನು ಎಡಿಎಸ್ಎಲ್ ರೂಪದಲ್ಲಿ ತರುತ್ತಿದ್ದ ತಾಮ್ರದ ಫೋನ್ ತಂತಿ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಎಡಿಎಸ್ಎಲ್ ಸೊರಗುತ್ತದೆ. ನಮ್ಮ ಮನೆಗಳೋ ತೋಟಕ್ಕೊಂದರಂತೆ ಚದುರಿದವು. ಪೇಟೆ ದಾಟಿದವರಿಗೆ ಗತಿಯಾದದ್ದು ಡಬ್ಲ್ಯೂಎಲ್ಎಲ್ ಫೋನು, ಆಮೇಲೆ ಯುಎಸ್‌ಬಿ ಡಾಂಗಲ್. ಆ ಡಾಂಗಲ್‌ಗಳ ಜಾಣತನವನ್ನು ಮೆಚ್ಚಲೇಬೇಕು. ಸಿಕ್ಕಿಸಿದಾಗ ಎಷ್ಟೋ ಡಾಂಗಲ್‌ಗಳು ಮೊದಲು ಸಿಡಿಯ ವೇಷದಲ್ಲಿ ಕಾಣಿಸಿಕೊಂಡು ತಮ್ಮ ಡ್ರೈವರನ್ನು ತಾವೇ ಹಾಕಿಕೊಳ್ಳುತ್ತಿದ್ದವು, ಬಳಿಕ ವೇಷ ಕಳಚಿ ಮೋಡೆಮ್ ಆಗುತ್ತಿದ್ದವು. ಬೂಷ್ಟು ಹಿಡಿದ ಫ್ಲಾಪಿಯ ಕಾಲ ಅಲ್ಲಿಗೆ ಮುಗಿಯಿತು.

ಮಳೆಯ ಮಾತು ಬಿಟ್ಟು ಕೊಡಗಿನ ಯಾವ ಲೆಕ್ಕವೂ ಪೂರ್ತಿಯಾಗದು. ಮಾರ್ಚ್-ಏಪ್ರಿಲ್‌ನ ಹೂಮಳೆಗೆ ಬೆಳೆಗಾರ ಆಕಾಶ ನೋಡುತ್ತ ಕುಳಿತಿರುತ್ತಾನೆ. ಗುಡುಗು-ಸಿಡಿಲು ಅದರ ಜೊತೆಗೇ ಬರುತ್ತದೆ. ಫೋನಿನ ತಂತಿ ಹಿಡಿದು ಬಂದ ಸಿಡಿಲು ಮೋಡೆಮ್ಮನ್ನು ಸುಟ್ಟು, ಕೆಲವೊಮ್ಮೆ ಕೇಬಲ್ ಹಾದು ಕಂಪ್ಯೂಟರಿನೊಳಗಿನ ಕಾರ್ಡನ್ನೂ ಸುಡುತ್ತಿತ್ತು. ಮೋಡ ಕವಿದರೆ ತಂತಿ ಕೀಳುವುದನ್ನು ಇಲ್ಲಿನ ಮಕ್ಕಳು ಅಕ್ಷರದ ಜೊತೆಗೇ ಕಲಿತರು. ಯುಡೆವ್ ಬರೆದವರಿಗೆ ಈ ಸಿಡಿಲಿನ ಪರಿಚಯವಿರಲಿಲ್ಲ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಕಾರ್ಡುಗಳ ಹೆಸರು ಅದಲುಬದಲಾಗಬಾರದೆಂದು ಆಗಿನ ಹಲವು ಲಿನಕ್ಸ್‌ಗಳಲ್ಲಿ ಕಾರ್ಡಿನ ಗುರುತನ್ನು ಒಂದು ಕಡತದಲ್ಲಿ ಬರೆದಿಡುವ ಏರ್ಪಾಡಿತ್ತು. ಸುಟ್ಟ ಕಾರ್ಡ್ ತೆಗೆದು ಹೊಸದನ್ನು ಹಾಕಿದರೆ ಯಂತ್ರ ಸತ್ತ ಕಾರ್ಡಿಗೆ ಈಥ್0 ಎಂಬ ಹೆಸರನ್ನು ಕಾಯ್ದಿಟ್ಟು, ಬದುಕಿದ್ದಕ್ಕೆ ಈಥ್1 ಎನ್ನುತ್ತಿತ್ತು. ಸೆಟ್ಟಿಂಗ್ ಎಲ್ಲ ಹಳೆಯ ಹೆಸರಿನಲ್ಲಿ, ಜಾಲ ಏಳುತ್ತಿರಲಿಲ್ಲ. ಕಡತ ಹುಡುಕಿ ಒಂದು ಸಾಲು ಅಳಿಸಬಲ್ಲವನೇ ಆ ಕಾಲದ ಪಂಡಿತ. 2013ರಲ್ಲಿ ಲಿನಕ್ಸ್‌ನ ಸಿಸ್ಟಮ್‌ಡಿ ಎಂಬ ತಂತ್ರಾಂಶ, ಕಾರ್ಡು ಕೂತ ಜಾಗದ ಮೇಲೆ ಹೆಸರಿಡುವ ಕ್ರಮ ತಂದಿತು. ಇಎನ್‌ಪಿ3ಎಸ್0 ಎಂಬಂಥ ಹೆಸರುಗಳು ನಾಲಿಗೆಗೆ ಒಗ್ಗುವಂಥವಲ್ಲ, ಆದರೆ ಅದೇ ಜಾಗಕ್ಕೆ ಹೊಸ ಕಾರ್ಡು ಬಂದರೆ ಹೆಸರು ಬದಲಾಗುವುದಿಲ್ಲ. ಸಿಡಿಲಿನ ಸೀಮೆಗೆ ಇದೇ ಸರಿ.

2016ರಲ್ಲಿ ಜಿಯೋ ಬಂದ ಮೇಲೆ ಹೆಚ್ಚಿನವರಿಗೆ ಕಾರ್ಡು, ಕೇಬಲ್ಲುಗಳ ಗೊಡವೆಯೇ ಉಳಿಯಲಿಲ್ಲ. ಸಿಮ್ ಹಾಕಿದರೆ ಫೋನು ತಾನೇ ಜಾಲ ಹುಡುಕಿಕೊಂಡಿತು. ಕೊಟ್ಟ ಮಾತು ನಡೆಯಿತೆಂದೇ ಎಲ್ಲರೂ ತಿಳಿದರು. 2018ರ ಆಗಸ್ಟ್ ಆ ತಿಳಿವಳಿಕೆಯನ್ನು ಅಲುಗಾಡಿಸಿತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ರಸ್ತೆಯ ಜೊತೆ ಕರೆಂಟೂ ಸಂಪರ್ಕವೂ ಹೋದವು. ಕೈಯಲ್ಲಿದ್ದ ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ. ಎರಡು ವರ್ಷಕ್ಕೆ ಕೋವಿಡ್ ಬಂದು ಪಾಠಗಳೆಲ್ಲ ಆನ್‌ಲೈನ್ ಆದವು. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ನಾಡಿಗೆಲ್ಲ ಸುದ್ದಿಯಾಯಿತು. ನಾವು ಅವರನ್ನು ಹೊಗಳಿದೆವು. ಅವರು ಮರ ಹತ್ತಬೇಕಾಗಿ ಬಂದದ್ದೇಕೆ ಎಂದು ಅಷ್ಟೇ ಜೋರಾಗಿ ಕೇಳಲಿಲ್ಲ. ಡಿಎಚ್‌ಸಿಪಿಯ ಕೂಗಿಗೆ ಉತ್ತರ ಬಾರದಿದ್ದರೆ ಎಷ್ಟೋ ಯಂತ್ರಗಳು 169.254ರಿಂದ ಶುರುವಾಗುವ ಒಂದು ವಿಳಾಸವನ್ನು ತಮಗೆ ತಾವೇ ಕೊಟ್ಟುಕೊಳ್ಳುತ್ತವೆ. ಅದರಿಂದ ಪಕ್ಕದ ಯಂತ್ರದ ಜೊತೆ ಮಾತಾಡಬಹುದು, ಅಂಗಳ ದಾಟಲಾಗದು. ಸಂಪರ್ಕ ಕಡಿದ ನಮ್ಮ ಊರುಗಳ ಸ್ಥಿತಿಯೂ ಹಾಗೇ ಇತ್ತು.

ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ತಾಮ್ರದ ಕಾಲಕ್ಕೆ ಹೋಲಿಸಿದರೆ ಇದು ನಿಜವಾದ ಲಾಭ. ಮನೆಯ ಪೆಟ್ಟಿಗೆಯನ್ನು ದೂರದ ಕಚೇರಿಯಿಂದಲೇ ಹೊಂದಿಸಬಹುದು, ಮನೆಯವರಿಗೆ ಏನೂ ತಿಳಿದಿರಬೇಕಾಗಿಲ್ಲ. ಎಷ್ಟೋ ಕಡೆ ಅದರ ಪಾಸ್‌ವರ್ಡ್ ಕೂಡ ಮನೆಯವರ ಬಳಿ ಇರುವುದಿಲ್ಲ. ಜಂಪರ್ ಕಿತ್ತು ಹಾಕಿದ ತಲೆಮಾರಿಗೆ ತೊಂದರೆ ಎಲ್ಲಿದೆಯೆಂದು ತಡಕಿ ನೋಡುವ ಅಭ್ಯಾಸವಾದರೂ ಇತ್ತು. ಇಂದಿನವರ ಪಾಲಿಗೆ ಒಂದು ಕೆಂಪು ದೀಪವಿದೆ, ದೂರು ಬರೆಸಿಕೊಳ್ಳುವ ಒಂದು ಸಂಖ್ಯೆಯಿದೆ. ಜೂನ್ ಗಾಳಿಗೆ ಮರ ಉರುಳಿ ಕಂಬದ ಮೇಲಿನ ಎಳೆ ತುಂಡಾದರೆ ಮನೆಯೊಳಗಿನ ಯಾವ ಯಂತ್ರವೂ ಅದನ್ನು ತಾನೇ ಸರಿಪಡಿಸಿಕೊಳ್ಳಲಾರದು. ತುಂಡಾದ ಎಳೆಯನ್ನು ಬೆಸೆಯುವವರು ಯಾವ ಊರಲ್ಲಿದ್ದಾರೆ, ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಎಷ್ಟು ಗಂಟೆ ತಾಳುತ್ತದೆ, ಜನರೇಟರಿಗೆ ಡೀಸೆಲ್ ತರುವವರು ಯಾರು ಎಂಬ ವಿವರಗಳನ್ನು ಕಂಪನಿಗಳು ಮಳೆಗಾಲಕ್ಕೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆದು ಹಾಕಲಿ. ಅದನ್ನು ಹಾಕಿಸುವ ಹೊಣೆ ಜಿಲ್ಲಾಡಳಿತದ್ದು.