ಹೆಸರು ಎಲ್ಲಿ ಹಾಕಬೇಕು?

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿ ಎಂಬ ಊರಿದೆ. ಹಳ್ಳಿ ಎನ್ನುವುದು ಹೆಸರಿಗೆ ಮಾತ್ರ. ಪಟ್ಟಣ ಅದನ್ನು ನುಂಗಿ ಬಹಳ ಕಾಲವಾಯಿತು. ದೊಡ್ಡ ಕಂಪನಿಗಳ ಆಡಳಿತಗಾರರನ್ನು ತಯಾರು ಮಾಡುವ ಐ.ಐ.ಎಂ. ಸಂಸ್ಥೆ ಇರುವುದು ಅಲ್ಲಿ. ಅದರ ಕಟ್ಟಡವನ್ನು ರೂಪಿಸಿದವರು ಬಾಲಕೃಷ್ಣ ದೋಶಿ. 2009ರ ಡಿಸೆಂಬರಿನಲ್ಲಿ ಬಂದ ‘ತ್ರೀ ಈಡಿಯಟ್ಸ್’ ಎಂಬ ಹಿಂದಿ ಚಿತ್ರವನ್ನು ನೋಡಿದವರೆಲ್ಲ ಅಲ್ಲಿಯ ಕಲ್ಲಿನ ಮೊಗಸಾಲೆಗಳನ್ನೂ ನೋಡಿದ್ದಾರೆ. ಚಿತ್ರದಲ್ಲಿ ಅದು ಎಂಜಿನಿಯರಿಂಗ್ ಕಾಲೇಜು.

ಚಿತ್ರ ತೆರೆಗೆ ಬಂದ ಕೆಲವೇ ದಿನಗಳಲ್ಲಿ ಜಗಳ ಹತ್ತಿತು. ಚೇತನ್ ಭಗತ್ 2004ರಲ್ಲಿ ಬರೆದ ‘ಫೈವ್ ಪಾಯಿಂಟ್ ಸಮ್‌ಒನ್’ ಎಂಬ ಇಂಗ್ಲಿಷ್ ಕಾದಂಬರಿ ಆ ಚಿತ್ರಕ್ಕೆ ಆಧಾರ. ಆದರೆ ಆರಂಭದಲ್ಲಿ ಕಥೆಗಾರರೆಂದು ಕಾಣಿಸಿದ ಹೆಸರು ಅಭಿಜಾತ್ ಜೋಶಿ ಮತ್ತು ರಾಜಕುಮಾರ್ ಹಿರಾನಿಯವರದು. ಕಾದಂಬರಿಕಾರನ ಹೆಸರು ಚಿತ್ರ ಮುಗಿದು ಜನ ಎದ್ದು ಬಾಗಿಲ ಕಡೆ ಹೊರಟ ಹೊತ್ತಿಗೆ ಇತರ ಹೆಸರುಗಳ ನಡುವೆ ಓಡಿಹೋಯಿತು. ಅವರು ದೂರಿದರು. ಕರಾರಿನಲ್ಲಿ ಇದ್ದಂತೆಯೇ ಮಾಡಿದ್ದೇವೆಂದು ಚಿತ್ರದವರು ಹೇಳಿದರು. ಪತ್ರಿಕೆಯವರು ಕೇಳಿದ್ದಕ್ಕೆ ನಿರ್ಮಾಪಕ ವಿಧು ವಿನೋದ್ ಚೋಪ್ರಾ ಬಾಯಿ ಮುಚ್ಚಿ ಎಂದು ಗದರಿ, ಆಮೇಲೆ ಕ್ಷಮೆ ಕೇಳಿದರು.

ಕಾದಂಬರಿಯಿಂದ ತೆಗೆದುಕೊಂಡದ್ದು ನೂರಕ್ಕೆ ಎಷ್ಟು ಎಂದು ತಕ್ಕಡಿ ಹಿಡಿಯುವ ಕೆಲಸ ನನಗೆ ಬೇಡ. ಕರಾರು ಇತ್ತು, ಹಣ ಸಂದಿತ್ತು, ಹೆಸರೂ ಇತ್ತು. ಸಹಿ ಹಾಕುವ ಮುಂಚೆ ಹೆಸರು ಎಲ್ಲಿ ಬರುತ್ತದೆಂದು ನೋಡಿಕೊಳ್ಳಬೇಕಾದ್ದು ಬರೆಯುವವನ ವೃತ್ತಿಧರ್ಮ. ಅದರಲ್ಲಿ ಆತನ ಪಾಲೂ ಇದೆ. ಆದರೂ ನನ್ನ ಕಸಿವಿಸಿ ಹೋಗಲಿಲ್ಲ. ಕರಾರಿನಷ್ಟಕ್ಕೇ ನಡೆದುಕೊಂಡವನು ಸಾಲಗಾರನಲ್ಲ, ನಿಜ. ಆದರೆ ಮನೆಗೆ ಕರೆದವರನ್ನು ಜಗಲಿಯ ಮೇಲೆ ಕೂರಿಸಿ ಊಟ ಹಾಕಿದರೆ ಊಟ ಹಾಕಲಿಲ್ಲವೆಂದು ಯಾರೂ ದಾವೆ ಹೂಡಲಾರರು, ಅಷ್ಟೆ.

ಕಾನೂನು ಕೂಡ ಸ್ವಲ್ಪ ದೂರ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮಿನಂತೆ, ಹಕ್ಕನ್ನೆಲ್ಲ ಮಾರಿಕೊಂಡ ಮೇಲೂ ‘ಇದು ನನ್ನ ಕೃತಿ’ ಎನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. 2012ರ ತಿದ್ದುಪಡಿ ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದಲ್ಲಿ ಪಾಲು ಕೊಟ್ಟಿತು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಒಂದು ಸಲ ಕೈಗೆ ಬಂದ ಹಣವೇ ಗತಿ. ಆದರೆ ಹೆಸರನ್ನು ಯಾವ ಅಳತೆಯ ಅಕ್ಷರದಲ್ಲಿ, ಎಲ್ಲಿ ಹಾಕಬೇಕೆಂದು ಕಾಯಿದೆ ಹೇಳಿಕೊಡಲಾರದು.

ನಮ್ಮ ಶಿಲ್ಪಿಗಳಿಗೆ ಇದು ತಿಳಿದಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾವು ಕಡೆದ ವಿಗ್ರಹದ ಪೀಠದಲ್ಲೇ ಹೆಸರು ಕೊರೆದರು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕಡೆದವನ ಹೆಸರು ದೇವರ ಕಾಲಬುಡದಲ್ಲಿದೆ. ಕಲ್ಲು ಹೊತ್ತವರ ಹೆಸರು ಮಾತ್ರ ಅಲ್ಲಿಯೂ ಇಲ್ಲ, ಬಿಳೇಕಹಳ್ಳಿಯ ಮೊಗಸಾಲೆ ಕಟ್ಟಿದವರದನ್ನೂ ನಾವು ಕೇಳಿಲ್ಲ.

ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಮುಂಬಯಿಯವರ ಎಲೆಯ ನೊಣ ತೋರಿಸುವುದು ಸರಿಯಲ್ಲ. ನಾನು ಮೇಷ್ಟರಾಗಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಆಡಿಸಿದೆ. ಆಮಂತ್ರಣದಲ್ಲಿ ಶಾಮಿಯಾನ ಕೊಟ್ಟವರ ಹೆಸರಿತ್ತು, ನಾಟಕ ಬರೆದವರದಿರಲಿಲ್ಲ. ‘ಬರೆದೋರು ಯಾರು ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಾಗ, ‘ಯಾರೋ, ಪಾತ್ರ ಬಾಯಿಪಾಠ ಮಾಡಿದೆಯಾ?’ ಎಂದೆ. ಬರೆದವರು ಬದುಕಿದ್ದರು. ಒಂದು ಕಾಗದ ಬರೆದು ಕೇಳಬಹುದಾಗಿತ್ತು.

ಈಗ ಸಂಘಟನೆಯ ಕೆಲಸಕ್ಕೆ ಬಂದ ಮೇಲೂ ನೋಡುತ್ತಿದ್ದೇನೆ. ಮೈಕಿನವನಿಗೆ ಬಾಡಿಗೆ, ಲಾರಿಯವನಿಗೆ ಬಾಡಿಗೆ. ಬ್ಯಾನರು ಬರೆಯುವ ಹುಡುಗನಿಗೆ ಮಾತ್ರ ‘ನೀನು ನಮ್ಮವನೇ ಅಲ್ಲವೇನಪ್ಪಾ.’ ಅವನು ರಾತ್ರಿ ನಿದ್ದೆಗೆಟ್ಟು ಬರೆದ ಅಕ್ಷರಕ್ಕೆ ಕೂಲಿಯಿಲ್ಲ. ಕೂಲಿಯ ನ್ಯಾಯಕ್ಕಾಗಿಯೇ ಸಭೆ ಸೇರಿಸುವ ನಾವು! ಸಿದ್ಧಲಿಂಗಯ್ಯನವರ ಹಾಡುಗಳನ್ನು ಎಷ್ಟು ಸಭೆಗಳಲ್ಲಿ ಹಾಡಿದ್ದೇವೆ. 2021ರಲ್ಲಿ ಅವರು ತೀರಿಕೊಂಡಾಗ, ‘ಆ ಹಾಡೂ ಅವರದೇನಾ?’ ಎಂದು ನಮ್ಮ ಕಾರ್ಯಕರ್ತನೇ ಒಬ್ಬ ಕೇಳಿದ.

ಕಳೆದ ತಿಂಗಳು ತಾಲ್ಲೂಕು ಸಭೆಯ ಕರಪತ್ರದಲ್ಲಿ ಹಾಡು ಬರೆದವರ ಹೆಸರನ್ನೂ ಚಿತ್ರ ಬರೆದ ಹುಡುಗನ ಹೆಸರನ್ನೂ ಹಾಕೋಣವೆಂದೆ. ‘ಜಾಗ ಎಲ್ಲಿದೆ ಮೇಷ್ಟ್ರೇ?’ ಎಂದರು. ಕರಡನ್ನು ಕೈಗೆ ತೆಗೆದುಕೊಂಡು ಎಣಿಸಿದೆ. ಮುಖಂಡರ ಹೆಸರು ಇಪ್ಪತ್ತೆರಡಿದ್ದುವು, ನನ್ನದೂ ಸೇರಿ. ನನ್ನದನ್ನು ಹೊಡೆದುಹಾಕಿ ಆ ಸಾಲಿನಲ್ಲಿ ಹುಡುಗನ ಹೆಸರು ಬರೆದು ಪ್ರೆಸ್ಸಿಗೆ ಕಳಿಸಿದೆ.