ವ್ಯಾಯಾಮಕ್ಕೆ ಕೂಲಿ ಬೇಕೆ?

ಹೈದರಾಬಾದ್ ನಗರದಲ್ಲಿ ಇಂದು ವ್ಯಾಯಾಮ ಮಾಡುವವರಿಗೇನೂ ಕೊರತೆಯಿಲ್ಲ. ಬೆಳಗಿನ ಜಾವದಲ್ಲಿ ಜುಬಿಲಿ ಹಿಲ್ಸಿನ ಕಾಸು ಬ್ರಹ್ಮಾನಂದ ರೆಡ್ಡಿ ಉದ್ಯಾನ, ಇಂದಿರಾ ಪಾರ್ಕು, ಹುಸೇನ್ ಸಾಗರದ ದಂಡೆ, ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣ, ಎಲ್ಲಿ ನೋಡಿದರೂ ಬಿರುಸಾಗಿ ನಡೆಯುವ ಸ್ತ್ರೀಪುರುಷರು ಕಾಣಸಿಗುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇವರಲ್ಲಿ ಅನೇಕರ ನಡಿಗೆ ಮನೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ತಿಂಡಿಯ ಬಂಡಿಯ ಮುಂದೆ ಮುಗಿಯುತ್ತದೆ. ಬೆಣ್ಣೆ ಕರಗುತ್ತಿರುವ ದೋಸೆ, ಬಿಸಿ ವಡೆ, ಅದರ ಮೇಲೊಂದು ಇರಾನಿ ಚಹ, ಚಹಕ್ಕೆ ಜೊತೆಯಾಗಿ ಎರಡು ಉಸ್ಮಾನಿಯಾ ಬಿಸ್ಕತ್ತು. ಕೇಳಿದರೆ, “ಇಷ್ಟು ದೂರ ನಡೆದೆವಲ್ಲ, ಇಷ್ಟಾದರೂ ಬೇಡವೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಿರಿಯರ ಈ ಮಾತು ಕಿರಿಯರಿಗೂ ಇಳಿದು ಬಂದಿದೆ. “ಎರಡು ಸುತ್ತು ಓಡು, ಐಸ್‌ಕ್ರೀಮು ಕೊಡಿಸುತ್ತೇನೆ” ಎನ್ನುವ ತಂದೆಯೂ, ಆಟ ಮುಗಿದೊಡನೆ ಸಿಹಿ ಪಾನೀಯದ ಬಾಟಲಿಯನ್ನು ತಮ್ಮ ಹಕ್ಕೆಂದು ತಿಳಿಯುವ ಬಾಲಕರೂ ನಮ್ಮ ನಡುವೆ ಇದ್ದಾರೆ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡುವುದು ಅನುಚಿತವಲ್ಲವೆಂದು ಭಾವಿಸುತ್ತೇನೆ.

ಮೊದಲು ಲೆಕ್ಕವನ್ನೇ ನೋಡೋಣ. ಅರವತ್ತು ಕಿಲೋ ತೂಕದ ಒಬ್ಬ ವಯಸ್ಕನು ಗಂಟೆಗೆ 5 ಕಿಲೋಮೀಟರಿನಂತೆ ಅರ್ಧ ಗಂಟೆ ನಡೆದರೆ ಅವನ ದೇಹ ವ್ಯಯಿಸುವ ಶಕ್ತಿ ಸುಮಾರು 100ರಿಂದ 120 ಕ್ಯಾಲೊರಿ. ಒಂದು ಗ್ರಾಂ ತುಪ್ಪ ಅಥವಾ ಎಣ್ಣೆಯಲ್ಲಿ ಸುಮಾರು 9 ಕ್ಯಾಲೊರಿಗಳಿವೆ. ಒಂದು ಗ್ರಾಂ ಸಕ್ಕರೆಯಲ್ಲಿ 4. ದೋಸೆಯ ಮೇಲೆ 15 ಗ್ರಾಂ ತುಪ್ಪ ಸುರಿದರೆ ಅದೊಂದರಿಂದಲೇ 135 ಕ್ಯಾಲೊರಿಗಳಾದುವು. ದೋಸೆಯನ್ನೂ ಪಲ್ಯವನ್ನೂ ಚಟ್ನಿಯನ್ನೂ ಇನ್ನೂ ಎಣಿಸಿಯೇ ಇಲ್ಲ! 300 ಮಿಲಿಲೀಟರ್ ಸಿಹಿ ಪಾನೀಯದಲ್ಲಿ ಸಾಮಾನ್ಯವಾಗಿ 30 ಗ್ರಾಮಿನಷ್ಟು ಸಕ್ಕರೆಯಿರುತ್ತದೆ. ಹೊರಗಿನಿಂದ ಬೆರೆಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಅಂದರೆ ಒಂದೇ ಬಾಟಲಿ ಇಡೀ ದಿನದ ಪಾಲನ್ನು ಮೀರಿಸುತ್ತದೆ. ಅರ್ಧ ಗಂಟೆಯಲ್ಲಿ ಗಳಿಸಿದುದನ್ನು ಐದು ನಿಮಿಷಗಳಲ್ಲಿ ಬಡ್ಡಿ ಸಮೇತ ತೀರಿಸುವುದೆಂದರೆ ಇದೇ.

“ಹಾಗಾದರೆ ಇನ್ನಷ್ಟು ನಡೆದರಾಯಿತು” ಎನ್ನುವವರುಂಟು. ದೇಹದ ಲೆಕ್ಕ ಅಷ್ಟು ಸರಳವಲ್ಲ. ಆಫ್ರಿಕದ ಟಾಂಜಾನಿಯ ದೇಶದಲ್ಲಿ ಹಾಡ್ಜಾ ಎಂಬ ಜನರಿದ್ದಾರೆ. ಬೇಟೆಯಾಡುತ್ತ, ಗೆಡ್ಡೆಗೆಣಸುಗಳನ್ನು ಅಗೆಯುತ್ತ, ದಿನವೂ ಹಲವು ಮೈಲಿ ನಡೆಯುವವರು ಅವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರನ್ನು ಕುರಿತ ಅಧ್ಯಯನವೊಂದನ್ನು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಹಾಡ್ಜಾ ಜನರು ದಿನವೊಂದಕ್ಕೆ ವ್ಯಯಿಸುವ ಒಟ್ಟು ಶಕ್ತಿ, ಕುರ್ಚಿಯಲ್ಲಿ ಕುಳಿತು ದುಡಿಯುವ ಪಾಶ್ಚಾತ್ಯರದಕ್ಕಿಂತ ಹೆಚ್ಚಾಗಿ ಕಾಣಲಿಲ್ಲ. ದೇಹವು ಜಾಣ ಗೃಹಿಣಿಯಂತೆ. ಒಂದು ಕಡೆ ಖರ್ಚು ಹೆಚ್ಚಿದರೆ ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ.

ಹಾಗಿದ್ದರೆ ವ್ಯಾಯಾಮ ವ್ಯರ್ಥವೆ? ಖಂಡಿತ ಅಲ್ಲ. ಅದರ ಫಲವನ್ನು ತಕ್ಕಡಿಯಲ್ಲಿ ಮಾತ್ರ ಹುಡುಕುವುದು ತಪ್ಪು. ಅದು ಹೃದಯಕ್ಕೆ ಬಲ ಕೊಡುತ್ತದೆ, ಮೂಳೆಯನ್ನು ಗಟ್ಟಿಗೊಳಿಸುತ್ತದೆ, ನಿದ್ರೆಯನ್ನು ತರುತ್ತದೆ, ಮನಸ್ಸಿನ ಕಳವಳವನ್ನು ಕಡಮೆ ಮಾಡುತ್ತದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿದೆ. ಇಂತಹ ದೇಶದಲ್ಲಿ ಇದು ಸಣ್ಣ ಲಾಭವಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. “ನಮ್ಮ ಗರಡಿಮನೆಯ ಜಟ್ಟಿಗಳು ಹಾಲು, ತುಪ್ಪ, ಬಾದಾಮಿಗಳನ್ನು ಯಥೇಚ್ಛವಾಗಿ ಸೇವಿಸುತ್ತಿರಲಿಲ್ಲವೆ?” ನಿಜ. ಆದರೆ ಅದು ಬಹುಮಾನವಾಗಿರಲಿಲ್ಲ. ಸಾಧನೆಯ ಒಂದು ಅಂಗವಾಗಿತ್ತು. ಗುರುವಿನ ಕಣ್ಣೆದುರಿನಲ್ಲಿ ದಿನವೂ ನೂರಾರು ಸಾಮು, ಬಸ್ಕಿಗಳನ್ನು ತೆಗೆದು, ಮಣ್ಣಿನಲ್ಲಿ ಹೊರಳಿ ಸೆಣಸಿದ ಮೈಗೆ ಅಷ್ಟು ಆಹಾರ ಬೇಕಿತ್ತು. ಸಾಮು ಬಿಟ್ಟ ಮೇಲೂ ಊಟವನ್ನು ಬಿಡದ ಪೈಲವಾನನ ಹೊಟ್ಟೆ ಏನಾಗುತ್ತದೆಂಬುದನ್ನು ಹಳ್ಳಿಯವರೆಲ್ಲರೂ ಬಲ್ಲರು. ನನ್ನ ರಾಯಚೂರು ಸೀಮೆಯ ರೈತನೂ ಹಾಗೆಯೇ. ಮಧ್ಯಾಹ್ನ ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗಳನ್ನು ಉಣ್ಣುವಾಗ, “ನಾನು ಇದನ್ನು ಗಳಿಸಿದೆ” ಎಂದು ಅವನು ಲೆಕ್ಕ ಹಾಕುವುದಿಲ್ಲ. ಹಸಿವಾಯಿತು, ಉಂಡ, ಹೊಟ್ಟೆ ತುಂಬಿತು, ಎದ್ದ. ನಗರಕ್ಕೆ ಬಂದ ನಾವು ಆ ದುಡಿಮೆಯನ್ನು ಊರಿನಲ್ಲಿ ಬಿಟ್ಟು, ದುಡಿದವನ ಹಸಿವನ್ನು ಮಾತ್ರ ಗಂಟು ಕಟ್ಟಿಕೊಂಡು ತಂದಿದ್ದೇವೆಯೋ ಏನೋ!

ಆದರೆ ನನ್ನ ಚಿಂತೆ ಕೇವಲ ಬೊಜ್ಜಿನದಲ್ಲ. ತಿಂಡಿಯನ್ನು ವ್ಯಾಯಾಮದ ಕೂಲಿಯೆಂದು ಬಗೆದಾಗ ಎರಡು ಒಳ್ಳೆಯ ವಸ್ತುಗಳು ಒಮ್ಮೆಗೇ ಕೆಡುತ್ತವೆ. ವ್ಯಾಯಾಮವು ಕೂಲಿಗಾಗಿ ಮಾಡುವ ಜೀತವಾಗುತ್ತದೆ. ಕೂಲಿ ನಿಂತ ದಿನ ಅದೂ ನಿಲ್ಲುತ್ತದೆ. ಅನ್ನವಾದರೋ ಗಳಿಸಿದವನಿಗೆ ಮಾತ್ರ ಸಲ್ಲತಕ್ಕ ಸಂಬಳವಾಗುತ್ತದೆ. ಈ ಎರಡನೆಯದು ಹೆಚ್ಚು ಅಪಾಯಕರ. “ಇಂದು ನಾನು ಓಡಲಿಲ್ಲ, ಆದುದರಿಂದ ಉಣ್ಣುವ ಯೋಗ್ಯತೆ ನನಗಿಲ್ಲ” ಎಂದು ಊಟ ಬಿಡುವ ಬಾಲಕ ಬಾಲಕಿಯರೂ ಈ ಕಾಲದಲ್ಲಿದ್ದಾರೆ. ಬೆಳೆಯುವ ಮೈಗೆ ಇಂತಹ ಶಿಕ್ಷೆ ಸಲ್ಲದು.

ನಮ್ಮ ಕನ್ನಡ ಶಾಲೆಗಳಲ್ಲಿ ಕಲಿಯುವವರೆಲ್ಲರೂ ಉಳ್ಳವರ ಮಕ್ಕಳಲ್ಲ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕೂಲಿಯನ್ನರಸಿ ಈ ನಗರಕ್ಕೆ ಬಂದವರ ಮಕ್ಕಳೂ ಇದ್ದಾರೆ. ಅವರಲ್ಲಿ ಬೆಳಗಿನ ಊಟವಿಲ್ಲದೆ ಪ್ರಾರ್ಥನೆಗೆ ನಿಲ್ಲುವವರಿಗೆ “ಕಡಮೆ ತಿನ್ನು” ಎಂಬ ಉಪದೇಶ ಸಲ್ಲುವುದಿಲ್ಲ. ಅವರಿಗೆ ಮೊದಲು ಅನ್ನ, ಆಮೇಲೆ ಆಟ. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಆಜ್ಞಾಪಿಸಿತು. ಮರುವರ್ಷ ಕರ್ನಾಟಕವು ತನ್ನ ಈಶಾನ್ಯ ಜಿಲ್ಲೆಗಳಲ್ಲಿ ಈ ಊಟವನ್ನು ಆರಂಭಿಸಿದಾಗ ಅದಕ್ಕಿಟ್ಟ ಹೆಸರು ‘ಅಕ್ಷರ ದಾಸೋಹ’. ದಾಸೋಹವೆಂಬ ಮಾತು ಎಷ್ಟು ಅರ್ಥವತ್ತಾದುದು! ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು, “ನೀನು ಎಷ್ಟು ಅಂಕ ಗಳಿಸಿದೆ, ಎಷ್ಟು ಸುತ್ತು ಓಡಿದೆ?” ಎಂದು ಯಾರೂ ಕೇಳುವುದಿಲ್ಲ.

ಆಟದ ನಂತರ ಏನನ್ನೂ ತಿನ್ನಕೂಡದೆಂದು ನಾನು ಹೇಳುತ್ತಿಲ್ಲ. ಆಡಿದವರಿಗೆ ಹಸಿವಾಗುವುದು ಸಹಜ. ಬೆಳೆಯುವವರಿಗೆ ಇನ್ನೂ ಸಹಜ. ಮೊದಲು ನೀರು ಕುಡಿಯಿರಿ.  ಆಮೇಲೂ ಹಸಿವಿದ್ದರೆ ಒಂದು ಬಾಳೆಯ ಹಣ್ಣು, ಒಂದು ಹಿಡಿ ಶೇಂಗಾ, ನೆನೆಸಿದ ಕಡಲೆ, ಒಂದು ಲೋಟ ಮಜ್ಜಿಗೆ ಸಾಕು. ಹಬ್ಬ ಬಂದಾಗ ಹೋಳಿಗೆಯನ್ನು ಸಂತೋಷವಾಗಿ ತಿನ್ನಿರಿ. ಹಬ್ಬದ ಹೋಳಿಗೆ ಹಬ್ಬದ್ದೇ. ಅದನ್ನು ಓಟದ ಸುತ್ತುಗಳಿಂದ ಕೊಳ್ಳಬೇಕಾಗಿಲ್ಲ, ಮರುದಿನ ಓಡಿ ಅದರ ಸಾಲ ತೀರಿಸಬೇಕಾಗಿಯೂ ಇಲ್ಲ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಮ್ಮ ಗಾದೆ ಊಟ ಬಿಟ್ಟವನನ್ನು ಹೊಗಳಲಿಲ್ಲ, ಬಲ್ಲವನನ್ನು ಹೊಗಳಿತು. ಈ ನಗರದ ತಾರ್ನಾಕದಲ್ಲಿಯೇ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧನೆಗಾಗಿ ಹುಟ್ಟಿದ ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದಿತು. ಊಟವನ್ನು ಬಲ್ಲವರಾಗಲು ನಾಡಿನ ವಿಜ್ಞಾನಿಗಳು ನೂರು ವರ್ಷಗಳಿಗೂ ಮೀರಿ ದುಡಿದಿದ್ದಾರೆ. ನಾವು ಊಟದ ಮುಂದೆ ಕುಳಿತಾಗ ಅರೆನಿಮಿಷವಾದರೂ ಯೋಚಿಸಬಾರದೆ?

ಬಯಲಿಗೆ ಇಳಿದಾಗ ಆಟಕ್ಕಾಗಿ ಆಡಿರಿ. ಎಲೆಯ ಮುಂದೆ ಕುಳಿತಾಗ ಹಸಿವಿಗಾಗಿ ಉಣ್ಣಿರಿ. ಪಕ್ಕದಲ್ಲಿ ಆಡಿದ ಗೆಳೆಯನ ಡಬ್ಬಿ ಬರಿದಾಗಿದ್ದರೆ ನಿಮ್ಮ ಡಬ್ಬಿಯಿಂದ ಒಂದು ರೊಟ್ಟಿ ಅವನಿಗೆ ಕೊಡಿರಿ. ಅವನು ಪಂದ್ಯದಲ್ಲಿ ಗೆದ್ದನೋ ಸೋತನೋ ಎಂದು ಮಾತ್ರ ಕೇಳಬೇಡಿರಿ.